‘ಸಂಘರ್ಷ’ದ ಭೌತವಿಜ್ಞಾನ

ಕನ್ನಡ ವಿಮರ್ಶೆಯಲ್ಲಿ ‘ಸಂಘರ್ಷ’ಕ್ಕೆ ಬಿಡುವೇ ಇಲ್ಲ. ಪರಂಪರೆ-ಆಧುನಿಕತೆಯ ಸಂಘರ್ಷ, ವ್ಯಕ್ತಿ-ಸಮಾಜದ ಸಂಘರ್ಷ. ಪತ್ರಿಕೆಗಳಲ್ಲಿ ಎರಡು ಗುಂಪುಗಳ ನಡುವೆ ‘ಘರ್ಷಣೆ’ ನಡೆಯುತ್ತದೆ. ಶಾಲೆಯ ವಿಜ್ಞಾನದಲ್ಲಿ ಅದೇ ಘರ್ಷಣೆ ಉರುಳುವ ಚೆಂಡನ್ನು ನಿಲ್ಲಿಸುತ್ತದೆ. ಕನ್ನಡದ ವಿಜ್ಞಾನ ಬರಹಗಳನ್ನು ಸಂಶೋಧನೆಗಾಗಿ ಓದುತ್ತಿರುವ ನನಗೆ, ಈ ಪದ ಒಂದು ಕಡೆಯ ಅರ್ಥವನ್ನು ಇನ್ನೊಂದು ಕಡೆಗೆ ಹೊತ್ತು ತರುತ್ತಿದೆ ಅನ್ನಿಸುತ್ತದೆ.

ಪಠ್ಯಗಳು ಸಾಮಾನ್ಯವಾಗಿ ಕೊಡುವ ವಿವರಣೆಯೂ ಜಗಳದ್ದೇ. ಮೇಲ್ಮೈಗಳು ಒರಟು, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿಕೊಂಡು ಚಲನೆಯನ್ನು ತಡೆಯುತ್ತದೆ. ಇಷ್ಟೇ ಆಗಿದ್ದರೆ ನಯಗೊಳಿಸಿದಷ್ಟೂ ಘರ್ಷಣೆ ಕಡಿಮೆಯಾಗುತ್ತಲೇ ಹೋಗಬೇಕಿತ್ತು. ಆದರೆ ನಯವಾದ, ಕೊಳೆಯಿಲ್ಲದ ಎರಡು ಲೋಹದ ತುಂಡುಗಳನ್ನು ನಿರ್ವಾತದಲ್ಲಿ ಒತ್ತಿದರೆ ಅವು ಬೆಸೆದುಕೊಂಡೇ ಬಿಡಬಹುದು.

1699ರಲ್ಲಿ ಫ್ರಾನ್ಸಿನ ಅಮೊಂಟಾನ್ಸ್ ಹೇಳಿದ ನಿಯಮವೂ ವಿಚಿತ್ರವೇ. ಇಟ್ಟಿಗೆಯನ್ನು ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಘರ್ಷಣೆ ಹೆಚ್ಚುಕಡಿಮೆ ಒಂದೇ. ಲೆಕ್ಕಕ್ಕೆ ಬರುವುದು ಭಾರ. ಯಾಕೆಂದು ಮನವರಿಕೆಯಾಗುವಂತೆ ಹೇಳಿದವರು 20ನೇ ಶತಮಾನದ ಬೌಡನ್ ಮತ್ತು ಟೇಬರ್. ಎರಡು ಮೇಲ್ಮೈಗಳು ಪೂರ್ತಿ ಅಂಟಿ ಕೂತಂತೆ ಕಂಡರೂ ನಿಜವಾಗಿ ಮುಟ್ಟುವುದು ಸೂಕ್ಷ್ಮ ಉಬ್ಬುಗಳ ತುದಿಗಳು ಮಾತ್ರ. ಭಾರ ಹೆಚ್ಚಿದಂತೆ ತುದಿಗಳು ಚಪ್ಪಟೆಯಾಗಿ ಸ್ಪರ್ಶದ ಜಾಗ ಹಿಗ್ಗುತ್ತದೆ. ಅಲ್ಲಿ ಪರಮಾಣುಗಳು ಪರಸ್ಪರ ಹಿಡಿದುಕೊಳ್ಳುತ್ತವೆ. ಜಾರಬೇಕಾದರೆ ಆ ಹಿಡಿತ ಹರಿಯಬೇಕು. ಗಟ್ಟಿ ಉಬ್ಬು ಮೆದು ಮೇಲ್ಮೈಯನ್ನು ಉಳುವುದೂ ಉಂಟು. ಹಾಗಾಗಿ ಒರಟುತನದ ಕತೆ ಸುಳ್ಳಲ್ಲ, ಅರ್ಧ.

ನಮ್ಮ ವಿಮರ್ಶೆ ಹಿಡಿದುಕೊಂಡಿರುವುದೂ ಈ ಅರ್ಧವನ್ನೇ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಪರಂಪರೆ-ಆಧುನಿಕತೆಯ ಸಂಘರ್ಷವೆಂದು ಓದಿ ಓದಿ ರೂಢಿಯಾಗಿದೆ. ಆದರೆ ಅಲ್ಲಿ ಬಿಕ್ಕಟ್ಟು ಹುಟ್ಟುವುದು ನಾರಣಪ್ಪ ಅಗ್ರಹಾರಕ್ಕೆ ವಿರುದ್ಧನಾಗಿದ್ದ ಎಂಬುದರಿಂದಷ್ಟೇ ಅಲ್ಲ. ಬಹಿಷ್ಕಾರ ಹಾಕದ ಕಾರಣ ಸತ್ತ ಮೇಲೂ ಅವನು ಅವರವನೇ. ಹೆಣವನ್ನು ಮುಟ್ಟುವಂತಿಲ್ಲ, ಬಿಡುವಂತಿಲ್ಲ. ಪ್ರಾಣೇಶಾಚಾರ್ಯರ ಬದುಕು ತಿರುಗುವುದೂ ಕಾಡಿನ ಕತ್ತಲಲ್ಲಿ ಚಂದ್ರಿಯ ಸ್ಪರ್ಶದಿಂದ.

ಸಮಾಜ ಲೋಹವಲ್ಲ, ಭೌತನಿಯಮವನ್ನು ಕಾದಂಬರಿಗೆ ಹಾಗೇ ಹಚ್ಚಲಾಗದು, ನಿಜ. ಆದರೂ ‘ಸಂಘರ್ಷ’ ಎಂದು ಬರೆದು ಮುಂದೆ ಹೋಗುವ ಮೊದಲು ಈ ಎರಡು ಎಲ್ಲಿ ಅಂಟಿಕೊಂಡಿವೆ, ಯಾವ ಭಾರ ಇವನ್ನು ಒತ್ತಿ ಹಿಡಿದಿದೆ ಎಂದು ಕೇಳಿಕೊಂಡರೆ, ಹಳೆಯ ಕೃತಿಗಳಲ್ಲೂ ಓದಲು ಇನ್ನೂ ಬಹಳ ಉಳಿದಿದೆ.