ಲಿನಕ್ಸ್ ಕರ್ನಲ್ಲಿನ ಪುಟವ್ಯವಸ್ಥೆ: ಗುಣ ಮತ್ತು ದೋಷ

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್, ಇಂದು ಕೈಫೋನಿನಿಂದ ಮಹಾಗಣಕದವರೆಗೆ ವ್ಯಾಪಿಸಿರುವುದನ್ನು ಬಲ್ಲವರು ಅನೇಕರಿದ್ದರೂ, ಅದು ಯಂತ್ರದ ಭೌತಿಕ ಮೆಮೊರಿಯನ್ನು 'ಪುಟ'ಗಳೆಂಬ ತುಂಡುಗಳಾಗಿ ಯಾವ ಕ್ರಮದಿಂದ ವಿಭಜಿಸಿ ಆಳುತ್ತದೆಂಬುದನ್ನು ಪರಿಶೀಲಿಸಿದವರು ವಿರಳ. ಆ ಕೃತಿಯ ಸತ್ತ್ವವೂ ದೌರ್ಬಲ್ಯವೂ ಅಲ್ಲಿಯೇ ಸ್ಫುಟವಾಗಿ ಗೋಚರಿಸುತ್ತವೆ.

64-ಬಿಟ್ ಇಂಟೆಲ್ ಯಂತ್ರದಲ್ಲಿ ಕರ್ನಲ್ ಸಮಸ್ತ ಭೌತಿಕ ಮೆಮೊರಿಯನ್ನೂ ತನ್ನ ವಿಳಾಸಾವಕಾಶದೊಳಕ್ಕೆ ಒಮ್ಮೆಗೇ ತಂದುಕೊಳ್ಳುತ್ತದೆ: ಭೌತಿಕ ವಿಳಾಸಕ್ಕೆ, ಯಂತ್ರ ಚಾಲನೆಗೊಂಡ ಮೇಲೆ ಬದಲಾಗದ ಒಂದು ಸಂಖ್ಯೆಯನ್ನು ಕೂಡಿಸಿದರಾಯಿತು, ಕರ್ನಲ್ ಬಳಸತಕ್ಕ ವಿಳಾಸ ದೊರೆಯುತ್ತದೆ. ಇಷ್ಟು ಸರಳವಾದ ನಿಯಮ ಎಷ್ಟು ಅಮೂಲ್ಯವೆಂಬುದು, ಅದಕ್ಕೆ ಅವಕಾಶವಿಲ್ಲದಿದ್ದ 32-ಬಿಟ್ ಕಾಲವನ್ನು ನೆನೆದಾಗ ತಿಳಿಯುತ್ತದೆ. ಆಗ ಕರ್ನಲ್ಲಿನ ಪಾಲಿಗೆ ಬಂದ 1 ಜಿಬಿ ಅವಕಾಶದಲ್ಲಿ 896 ಎಂಬಿ ಮಾತ್ರ ಹೀಗೆ ನೇರವಾಗಿ ಅಳವಟ್ಟು, ಮಿಕ್ಕ 'ಹೈಮೆಮ್' ಪುಟಗಳನ್ನು ಬೇಕೆಂದಾಗ ತಾತ್ಕಾಲಿಕವಾಗಿ ಜೋಡಿಸಿ ಮತ್ತೆ ಕಳಚಬೇಕಾಗಿತ್ತು.

ಆದರೆ ಸರ್ವವೂ ಒಂದೆಡೆ ತೆರೆದಿರುವುದರಲ್ಲಿ ಅಪಾಯವೂ ಅಡಗಿತ್ತು. 2018ರಲ್ಲಿ ಪ್ರಕಟವಾದ ಮೆಲ್ಟ್‌ಡೌನ್ ದೋಷವು ಪ್ರೊಸೆಸರಿನದೇ ಆದರೂ, ಅದರ ಮೂಲಕ ಸಾಮಾನ್ಯ ಪ್ರೋಗ್ರಾಮೊಂದು ಅನ್ಯರ ಮೆಮೊರಿಯನ್ನು ಓದಲು ಸಾಧ್ಯವಾದದ್ದು ಈ ನೇರ ಅಳವಡಿಕೆಯಿಂದಲೇ. ಪ್ರೋಗ್ರಾಮುಗಳು ನಡೆಯುವಾಗ ಅದನ್ನು ಮರೆಮಾಡುವ ಪರಿಹಾರವು ವೇಗವನ್ನು ಕುಂದಿಸಿತು.

ಇದಕ್ಕಿಂತ ಗುರುತರವಾದ ದೋಷ, ನನ್ನ ದೃಷ್ಟಿಯಲ್ಲಿ, 'ಸ್ಟ್ರಕ್ಟ್ ಪೇಜ್' ಎಂಬ ದಾಖಲೆಯದು. 4096 ಬೈಟುಗಳ ಪ್ರತಿಯೊಂದು ಪುಟಕ್ಕೂ ಸಾಮಾನ್ಯವಾಗಿ 64 ಬೈಟುಗಳ ಇಂಥದೊಂದು ದಾಖಲೆಯಿರುವುದರಿಂದ, 16 ಜಿಬಿಯ ಯಂತ್ರದಲ್ಲಿ ಈ ಲೆಕ್ಕಪತ್ರಕ್ಕೇ 256 ಎಂಬಿ ವ್ಯಯವಾಗುತ್ತದೆ. ವ್ಯಯವನ್ನು ಸಹಿಸಬಹುದು, ಶಾನುಭೋಗನೊಬ್ಬನು ಒಂದೇ ಅಂಕಣದಲ್ಲಿ ಒಮ್ಮೆ ಕಂದಾಯವನ್ನೂ ಇನ್ನೊಮ್ಮೆ ಭೂಮಿಯ ವಿಸ್ತೀರ್ಣವನ್ನೂ ಬರೆದಿಟ್ಟಂತೆ, ಅವೇ ಬೈಟುಗಳು ಕಡತದ ಪುಟಕ್ಕೊಂದು, ಬರಿದಾದ ಪುಟಕ್ಕೊಂದು, ಪುಟಕೋಷ್ಟಕಕ್ಕೆ ಮತ್ತೊಂದು ಅರ್ಥವನ್ನು ತಳೆಯುವುದನ್ನು ಸಹಿಸುವುದು ಕಷ್ಟ. ಅನೇಕ ಪುಟಗಳು ಕೂಡಿ ಒಂದು ಗುಚ್ಛವಾದಾಗಲಂತೂ, ಕೈಗೆ ಬಂದ ದಾಖಲೆಯು ಗುಚ್ಛದ ಮೊದಲ ಪುಟದ್ದೋ ನಡುವಣ ಪುಟದ್ದೋ ಎಂಬುದನ್ನು ಕರ್ನಲ್ ಹೆಜ್ಜೆಹೆಜ್ಜೆಗೂ ಪರೀಕ್ಷಿಸಿಕೊಳ್ಳಬೇಕಾಗಿತ್ತು.

ಈ ಗೊಂದಲವನ್ನು ನಿವಾರಿಸಲು ಮ್ಯಾಥ್ಯೂ ವಿಲ್ಕಾಕ್ಸ್ ರೂಪಿಸಿದ, 2022ರ ಜನವರಿಯಲ್ಲಿ ಬಿಡುಗಡೆಯಾದ 5.16ನೆಯ ಆವೃತ್ತಿಯಲ್ಲಿ ಸೇರಿದ 'ಫೋಲಿಯೊ', ನಡುವಣ ಪುಟವನ್ನು ಎಂದಿಗೂ ಸೂಚಿಸದೆಂಬ ಖಚಿತ ನಿಯಮವನ್ನು ತಂದಿತು. ದಾಖಲೆಯ ಗಾತ್ರವನ್ನು ಅದು ಒಡನೆಯೇ ತಗ್ಗಿಸಲಿಲ್ಲ, ಸಾವಿರಾರು ಸಾಲುಗಳನ್ನು ತಿದ್ದುವ ಶ್ರಮವನ್ನೂ ಹೊರಿಸಿತು. ಆದಾಗ್ಯೂ ಈ ವ್ಯವಸ್ಥೆಗೆ ದೊರೆತ ತಿದ್ದುಪಡಿಗಳಲ್ಲಿ ಇದೇ ಅತ್ಯಂತ ವಿವೇಕಯುತವಾದುದೆಂದು ನಾನು ಭಾವಿಸುತ್ತೇನೆ.