‘ರೈಜ್’ ಎಂಬ ಕ್ರಿಯಾಪದವೂ ನಮ್ಮ ಅರ್ಥಪುಸ್ತಕಗಳೂ

ಮೇಲ್ಮುಖವಾದ ಚಲನೆಯನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳು ಹಲವಿದ್ದರೂ ಅವುಗಳಲ್ಲಿ ‘ರೈಜ್’ ಎಂಬುದು ಗಾತ್ರದಲ್ಲಿ ಚಿಕ್ಕದು, ವ್ಯಾಪ್ತಿಯಲ್ಲಿ ಬಹು ದೊಡ್ಡದು. ಹೊತ್ತು ಮೂಡುವುದಕ್ಕೂ ಅದೇ, ಹಾಸಿಗೆಯಿಂದ ಏಳುವುದಕ್ಕೂ ಅದೇ. ಹೊಳೆ ಹುಟ್ಟುವುದಕ್ಕೂ ಅದೇ, ಹುಟ್ಟಿದ ಹೊಳೆಯಲ್ಲಿ ನೀರು ಏರುವುದಕ್ಕೂ ಅದೇ. ಬೆಲೆ ಹೆಚ್ಚುವುದಕ್ಕೆ, ರೊಟ್ಟಿಯ ಹಿಟ್ಟು ಉಬ್ಬುವುದಕ್ಕೆ, ಗಾಳಿ ಬೀಸತೊಡಗುವುದಕ್ಕೆ, ಪ್ರಜೆಗಳು ಬಂಡೇಳುವುದಕ್ಕೆ, ಸತ್ತವನು ಮರಳಿ ಬರುವುದಕ್ಕೆ, ಮೀನು ಗಾಳದ ಆಸೆಯಿಂದ ನೀರಿನ ಮೇಲಕ್ಕೆ ಬರುವುದಕ್ಕೆ ಕೂಡ ಬೇರೆ ಶಬ್ದ ಬೇಕಿಲ್ಲ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಅರ್ಥಪುಸ್ತಕಗಳಾದರೋ ಇದರ ಎದುರಿಗೆ ‘ಏಳು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ; ಸ್ವಲ್ಪ ಉದಾರವಾದವು ‘ಏಳು, ಏರು’ ಎನ್ನುತ್ತವೆ. ಈ ಜಿಪುಣತನದಿಂದ ಇಂಗ್ಲಿಷಿಗೆ ಆಗುವ ನಷ್ಟ ಅಲ್ಪ, ಕನ್ನಡಕ್ಕೆ ಆಗುವ ನಷ್ಟ ದೊಡ್ಡದು ಎಂಬುದೇ ನಾವು ಇಲ್ಲಿ ಹೇಳಬೇಕೆಂದಿರುವ ಮಾತು.

ಇದನ್ನು ಬರಿಯ ಶಬ್ದಚರ್ಚೆಯೆಂದು ವಾಚಕರು ಬದಿಗಿರಿಸಬಾರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿಯ ಕನ್ನಡ ಶಾಲೆಗೆ ಬರುವ ಮಗುವಿನ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಟಿಯೋ ಇರುತ್ತದೆ. ಕಚೇರಿಯಲ್ಲಿಯೂ ಬಸ್ಸಿನ ಫಲಕದಲ್ಲಿಯೂ ಮಲಯಾಳವಿರುತ್ತದೆ. ಗ್ರಂಥಸ್ಥವಾದ ಕನ್ನಡವನ್ನು ಆ ಮಗು ಕಾಣುವುದು ಮುಖ್ಯವಾಗಿ ಪಾಠಪುಸ್ತಕದಲ್ಲಿ; ಆ ಪಾಠಪುಸ್ತಕವೋ, ಭಾಷಾಪಾಠವೊಂದನ್ನು ಬಿಟ್ಟರೆ, ಬಹುಮಟ್ಟಿಗೆ ಅನುವಾದ. ಇಂಗ್ಲಿಷಿನ ‘ರೈಜ್’ ಕಂಡಲ್ಲೆಲ್ಲ, ಅಥವಾ ಮಲಯಾಳದ ‘ಉಯರುಗ’ ಕಂಡಲ್ಲೆಲ್ಲ, ಒಂದೇ ಕನ್ನಡ ಶಬ್ದವನ್ನು ಇಟ್ಟುಕೊಂಡು ಹೋದರೆ ಬೆಂಗಳೂರಿನ ಮಗು ಅದನ್ನು ಅಂಗಡಿಯಲ್ಲಿಯೋ ಬೀದಿಯಲ್ಲಿಯೋ ತಿದ್ದಿಕೊಂಡೀತು. ನಮ್ಮ ಮಗುವಿಗೆ ತಿದ್ದುವವರು ಉಪಾಧ್ಯಾಯರ ಹೊರತು ಬೇರೆ ಯಾರಿದ್ದಾರೆ?

ಮೊದಲು ಉಚ್ಚಾರದ ಒಂದು ಮಾತು. ಇಂಗ್ಲಿಷಿನಲ್ಲಿ ಅಕ್ಕಿ ‘ರೈಸ್’. ನಮ್ಮ ಕ್ರಿಯಾಪದ ‘ರೈಜ್’. ಕೊನೆಯ ಧ್ವನಿ ನಮ್ಮ ‘ಜ’ಕಾರವೂ ಅಲ್ಲ, ‘ಸ’ಕಾರವೂ ಅಲ್ಲ. ಮಕ್ಕಳು ಎರಡನ್ನೂ ‘ರೈಸ್’ ಎಂದೇ ಓದುವುದರಿಂದ ಅಕ್ಕಿಯ ಬೆಲೆ ಏರಿತೆಂಬ ವಾಕ್ಯವನ್ನು ಗಟ್ಟಿಯಾಗಿ ಓದಿಸಿದಾಗ ತರಗತಿಯಲ್ಲಿ ನಗು ಏಳುತ್ತದೆ. ನಗಲಿ, ಹಾಗೆ ನಕ್ಕು ಕಲಿತ ವ್ಯತ್ಯಾಸ ಮರೆಯುವುದಿಲ್ಲ.

ಇದಕ್ಕಿಂತ ಹೆಚ್ಚಿನ ತೊಡಕು ‘ರೈಜ್’ ಮತ್ತು ‘ರೇಜ್’ ಎಂಬ ಜೋಡಿಯದು. ಮೊದಲನೆಯದು ತಾನಾಗಿ ಏಳುವುದು, ಅಕರ್ಮಕ. ಎರಡನೆಯದು ಇನ್ನೊಂದನ್ನು ಎಬ್ಬಿಸುವುದು, ಸಕರ್ಮಕ. ಹಳೆಯ ಇಂಗ್ಲಿಷಿನಲ್ಲಿ ಈ ಪ್ರೇರಣಾರ್ಥಕ್ಕೆ ಸ್ವಂತ ರೂಪವೊಂದಿತ್ತು. ಅದೇ ಇಂದಿನ ‘ರಿಯರ್’, ಸಾಕಿ ಬೆಳೆಸು ಎಂಬ ಅರ್ಥದ ಶಬ್ದ. ಇಂಗ್ಲೆಂಡಿಗೆ ಬಂದು ನೆಲೆಸಿದ ಉತ್ತರದ ನಾರ್ಸ್ ಜನರ ಮಾತಿನಿಂದ ಅದೇ ಕುಲದ ‘ರೇಜ್’ ಬಂದು ಸೇರಿತು. ಕುಳಿತುಕೊಳ್ಳುವ ‘ಸಿಟ್’ಗೆ ಕುಳ್ಳಿರಿಸುವ ‘ಸೆಟ್’, ಮಲಗುವ ‘ಲೈ’ಗೆ ಮಲಗಿಸುವ ‘ಲೇ’, ಬೀಳುವ ‘ಫಾಲ್’ಗೆ ಮರವನ್ನು ಬೀಳಿಸುವ ‘ಫೆಲ್’ ಎಂಬ ಜೋಡಿಗಳೂ ಹೀಗೆಯೇ ಉಳಿದವು. ಇಂಗ್ಲಿಷಿನಲ್ಲಿ ಈ ಕ್ರಮ ಸತ್ತುಹೋಗಿದೆ; ಉಳಿದಿರುವ ಕೆಲವು ಜೋಡಿಗಳನ್ನು ಬಾಯಿಪಾಠ ಮಾಡುವುದೊಂದೇ ದಾರಿ. ನಮ್ಮಲ್ಲಿಯಾದರೋ ‘ಇಸು’ ಪ್ರತ್ಯಯ ಇಂದಿಗೂ ಜೀವಂತವಾಗಿದೆ: ಏರು–ಏರಿಸು, ಉಬ್ಬು–ಉಬ್ಬಿಸು, ಮೂಡು–ಮೂಡಿಸು, ಸ್ವಲ್ಪ ರೂಪ ಬದಲಿಸಿಕೊಂಡು ಏಳು–ಎಬ್ಬಿಸು. ಮಗುವಿಗೆ ತನ್ನ ಭಾಷೆಯ ಈ ಶಕ್ತಿಯನ್ನು ಮೊದಲು ತೋರಿಸಿ, ಅನಂತರ ಇಂಗ್ಲಿಷಿನ ಜೋಡಿಯನ್ನು ಮುಂದಿಟ್ಟರೆ ಅರ್ಧ ಶ್ರಮ ಉಳಿಯುತ್ತದೆ. ಆದರೆ ‘ರೇಜ್’ಗೂ ಒಂದೇ ಅರ್ಥ ಸಾಲದು. ತರಗತಿಯಲ್ಲಿ ಕೈ ಎತ್ತುತ್ತೇವೆ, ಧ್ವಜ ಏರಿಸುತ್ತೇವೆ, ಹಣ ಕೂಡಿಸುತ್ತೇವೆ, ಬೆಳೆ ತೆಗೆಯುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ಇಂಗ್ಲಿಷಿನವನಿಗೆ ಇಷ್ಟೂ ‘ರೇಜ್’.

ಈಗ ಕನ್ನಡದ ಕಡೆಗೆ ತಿರುಗೋಣ. ‘ಏಳು’ ಮತ್ತು ‘ಏರು’ ಎರಡೂ ಒಂದೇ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಹಳಗನ್ನಡದಲ್ಲಿ ಮೊದಲನೆಯದಕ್ಕೆ ರಳವಿತ್ತು, ಎರಡನೆಯದಕ್ಕೆ ಶಕಟರೇಫವಿತ್ತು; ಅಕ್ಷರಗಳು ಹೋದರೂ ಅರ್ಥದ ಗೆರೆ ಅಳಿಸಿಲ್ಲ. ಜ್ವರ ಏಳುವುದಿಲ್ಲ, ಏರುತ್ತದೆ. ಧೂಳು ಏರುವುದಿಲ್ಲ, ಏಳುತ್ತದೆ. ಹೊಗೆಯಾದರೋ ಮೊದಲು ಏಳುತ್ತದೆ, ಎದ್ದ ಮೇಲೆ ಆಕಾಶಕ್ಕೆ ಏರುತ್ತದೆ. ಇದ್ದ ನೆಲೆಯನ್ನು ಬಿಟ್ಟು ಬರುವುದು ‘ಏಳು’ವಿನ ಜೀವಾಳ. ಆದುದರಿಂದಲೇ ಗೋಡೆಯ ಗಾರೆ ಏಳುತ್ತದೆ, ಮೈಮೇಲೆ ಬೊಕ್ಕೆ ಏಳುತ್ತದೆ, ಕಡಲಲ್ಲಿ ಅಲೆ ಏಳುತ್ತದೆ, ಮನಸ್ಸಿನಲ್ಲಿ ಪ್ರಶ್ನೆ ಏಳುತ್ತದೆ. (ಪತ್ರಿಕೆಗಳಲ್ಲಿ ಪ್ರಶ್ನೆ ‘ಉದ್ಭವಿಸು’ವುದನ್ನು ನೋಡುತ್ತೇವೆ. ಲಿಂಗ ಉದ್ಭವಿಸಲಿ, ಪ್ರಶ್ನೆ ಎದ್ದರೆ ಸಾಕು.) ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಹಂತಹಂತವಾಗಿ ಸಾಗುವುದು ‘ಏರು’ವಿನ ಸ್ವಭಾವ: ಬಿಸಿಲು ಏರುತ್ತದೆ, ಬೆಲೆ ಏರುತ್ತದೆ, ವಿಷ ಏರುತ್ತದೆ, ಅಧಿಕಾರದ ಮದ ತಲೆಗೆ ಏರುತ್ತದೆ.

ಮೇಲಿನಿಂದ ಕೆಳಗೆ ಎಂಬ ಅಳತೆಯೇ ಇಲ್ಲದ ‘ರೈಜ್’ಗಳೂ ಕನ್ನಡದಲ್ಲಿ ಇವೆಯೆಂಬುದು ಗಮನಾರ್ಹ. ಉದ್ದಿನ ಹಿಟ್ಟು ಹುಳಿಬಂದು ಉಬ್ಬುತ್ತದೆ. ಅದು ಎದ್ದಿತೆಂದು ಬರೆದರೆ ಓದಿದವರು ಪಾತ್ರೆಯ ಕಡೆಗೆ ತಿರುಗಿ ನೋಡಿಯಾರು. ಹಾಲು ಪಾತ್ರೆಯ ಅಂಚನ್ನು ಮೀರಿದರೆ ಉಕ್ಕುತ್ತದೆ, ಆಷಾಢದಲ್ಲಿ ಹೊಳೆಯೂ ಹಾಗೆಯೇ. ಇನ್ನು ಹೊಳೆಯ ಮೂಲದ ವಿಷಯ. ಪಯಸ್ವಿನಿಯು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಚಂದ್ರಗಿರಿ ಹೊಳೆಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಇದು ನಮ್ಮ ಮಕ್ಕಳು ಕಣ್ಣಾರೆ ಕಂಡ ಹೊಳೆ. ಆದರೂ ಭೂಗೋಳದ ಉತ್ತರಪತ್ರಿಕೆಯಲ್ಲಿ ನದಿಗಳು ಬೆಟ್ಟದಲ್ಲಿ ‘ಏಳು’ವುದನ್ನು ನಾವು ತಿದ್ದಿದ್ದೇವೆ. ನದಿ ಹುಟ್ಟುತ್ತದೆ ಎಂಬುದು ಮಗುವಿಗೆ ಗೊತ್ತಿಲ್ಲವೆಂದಲ್ಲ. ಇಂಗ್ಲಿಷಿನ ಶಬ್ದದ ಎದುರಿಗೆ ಅಚ್ಚಾಗಿರುವ ಅರ್ಥ ತನಗೆ ತಿಳಿದ ಮಾತಿಗಿಂತ ಹೆಚ್ಚು ಪ್ರಮಾಣವೆಂದು ಅದು ನಂಬಿದೆ. ಇಲ್ಲಿಯೇ ನಮಗೆ ಅಪಾಯ ಕಾಣುವುದು.

‘ಮೂಡು’ ಎಂಬ ಶಬ್ದದ ಮುಂದೆ ಸ್ವಲ್ಪ ನಿಲ್ಲಬೇಕು. ಕಾಣದೆ ಇದ್ದುದು ಕಾಣಿಸಿಕೊಳ್ಳುವುದೇ ಮೂಡುವುದು. ಚಂದ್ರ ಮೂಡುತ್ತಾನೆ, ಚಿತ್ರ ಮೂಡುತ್ತದೆ, ಹುಡುಗನಿಗೆ ಮೀಸೆ ಮೂಡುತ್ತದೆ. ಸೂರ್ಯನು ಮೂಡುವ ದಿಕ್ಕು ಮೂಡಣ. ಆ ದಿಕ್ಕಿನ ಬಿದಿರೆ ಮೂಡುಬಿದಿರೆ, ಕಡಲ ಬದಿಯದು ಪಡುಬಿದ್ರಿ. ಪೂರ್ವದೇಶಗಳಿಗೆ ಇಂಗ್ಲಿಷರು ಹೇಳುತ್ತಿದ್ದ ‘ಓರಿಯೆಂಟ್’ ಕೂಡ ಮೇಲೇಳು, ಉದಯಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದೆಂದು ತಿಳಿದಾಗ ನಮ್ಮ ಮಕ್ಕಳ ಕಣ್ಣು ಅರಳುತ್ತದೆ. ಇಂಗ್ಲಿಷರು ಅದನ್ನು ಲ್ಯಾಟಿನಿನಿಂದ ಎರವಲು ತಂದರು. ನಮ್ಮ ಕರಾವಳಿಯ ರೈತನು ತನ್ನ ಗದ್ದೆಯ ಮೂಡುಬದಿ, ಪಡುಬದಿಯನ್ನು ಹೇಳುವಾಗ ದಿನವೂ ಅದನ್ನು ನುಡಿಯುತ್ತಾನೆ.

ಸಭೆ ಮತ್ತು ನ್ಯಾಯಾಲಯಗಳ ಇಂಗ್ಲಿಷಿನಲ್ಲಿ ‘ರೈಜ್’ಗೆ ವಿಚಿತ್ರವಾದ ಅರ್ಥವಿದೆ. ಶಾಸನಸಭೆಯು ಆರು ಗಂಟೆಗೆ ‘ರೈಜ್’ ಆಯಿತೆಂದರೆ ಆರಕ್ಕೆ ಕಲಾಪ ಮುಗಿಯಿತೆಂದು ಅರ್ಥ. ಸಣ್ಣ ಅಪರಾಧಗಳಿಗೆ ನ್ಯಾಯಾಲಯ ‘ಏಳುವ’ವರೆಗೆ ಎಂದು ಶಿಕ್ಷೆ ವಿಧಿಸುವುದುಂಟು, ಅಂದಿನ ಕಲಾಪ ಮುಗಿಯುವವರೆಗೆ ಅಪರಾಧಿ ಅಲ್ಲಿಯೇ ಇರಬೇಕೆಂದು ಅದರ ತಾತ್ಪರ್ಯ. ಅರ್ಥಪುಸ್ತಕವನ್ನು ನಂಬಿದವನು ಇಲ್ಲಿ ಆರಂಭವನ್ನೇ ಕಂಡಾನು.

ಪ್ರಜೆಗಳ ‘ರೈಜಿಂಗ್’ ಎಂಬುದರಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ. 1916ರಲ್ಲಿ ಡಬ್ಲಿನ್ ನಗರದಲ್ಲಿ ಐರಿಷ್ ಜನರು ಬ್ರಿಟಿಷರ ವಿರುದ್ಧ ನಿಂತುದನ್ನು ಇಂಗ್ಲಿಷಿನಲ್ಲಿ ‘ಈಸ್ಟರ್ ರೈಜಿಂಗ್’ ಎನ್ನುತ್ತಾರೆ. ಮಲಗಿದ್ದವನು ಎದ್ದು ನಿಂತನೆಂಬ ಗೌರವ ಆ ಹೆಸರಿನಲ್ಲಿದೆ. ನಾವು ಅದನ್ನು ‘ದಂಗೆ’ ಎಂದರೆ ಸರಕಾರದ ಬಾಯಿಂದ ಮಾತಾಡಿದಂತಾಯಿತು. 1837ರಲ್ಲಿ ಸುಳ್ಯದ ಸೀಮೆಯಿಂದ ಹೊರಟು ಮಂಗಳೂರಿನವರೆಗೆ ಬಂದ ರೈತರ ಹೋರಾಟಕ್ಕೂ ಇದೇ ಮಾತು ಸಲ್ಲುತ್ತದೆ. ‘ಬಂಡೇಳು’ ಎಂಬ ಕನ್ನಡ ಶಬ್ದದೊಳಗೆ ‘ಏಳು’ ಇದೆ. ಅದನ್ನು ಬಿಟ್ಟು ‘ದಂಗೆ’ಯನ್ನು ಹಿಡಿಯುವ ಕಾರಣವೇನೋ ನಮಗೆ ತಿಳಿಯದು.

ಇಷ್ಟು ಹೇಳಿದ ಮೇಲೆ, ಸಂದರ್ಭಕ್ಕೆ ತಕ್ಕಂತೆ ಶಬ್ದವನ್ನು ಬದಲಿಸುತ್ತ ಹೋಗುವುದೇ ಒಳ್ಳೆಯ ಅನುವಾದವೆಂದು ವಾಚಕರು ತೀರ್ಮಾನಿಸಬಹುದು. ಪಾಠಪುಸ್ತಕದ ಮಟ್ಟಿಗೆ ಅದು ನಿಜ. ಕಾವ್ಯದಲ್ಲಿ ಹಾಗಲ್ಲವೆಂಬುದಕ್ಕೆ ಅಮೇರಿಕದ ಕರಿಯ ಜನಾಂಗದ ಕವಯಿತ್ರಿ ಮಾಯಾ ಏಂಜೆಲೋ (1928–2014) ಅವರ ‘ಸ್ಟಿಲ್ ಐ ರೈಜ್’ ಎಂಬ ಕವನವೇ ಸಾಕ್ಷಿ. 1978ರಲ್ಲಿ ಹೊರಬಂದ ಸಂಕಲನದಲ್ಲಿರುವ ಈ ಕವನದ ಕಸುವೆಲ್ಲ ಒಂದು ಕ್ರಿಯಾಪದದಲ್ಲಿದೆ. ತುಳಿಯಲ್ಪಟ್ಟವಳು ತುಳಿದವರನ್ನು ನೇರವಾಗಿ ಸಂಬೋಧಿಸುತ್ತಾಳೆ. ತಾನು ಏಳುವುದನ್ನು ಧೂಳಿಗೆ ಹೋಲಿಸುತ್ತಾಳೆ. ಸೂರ್ಯಚಂದ್ರರಿಗೆ, ತಪ್ಪದೆ ಬರುವ ಕಡಲ ಉಬ್ಬರಕ್ಕೆ, ಆಸೆಗೆ, ಗಾಳಿಗೆ ಹೋಲಿಸುತ್ತಾಳೆ. ಕೊನೆಯಲ್ಲಿ ಕರ್ತೃಪದ, ಕ್ರಿಯಾಪದ ಎರಡೇ ಉಳಿದು ಮೂರು ಸಲ ಮರುಕಳಿಸುತ್ತವೆ.

ಇದನ್ನು ನಮ್ಮ ವಿವೇಚನೆಯ ಪ್ರಕಾರ ಕನ್ನಡಿಸಿದರೆ ಏನಾದೀತು? ಧೂಳು ಏಳುತ್ತದೆ, ಚಂದ್ರ ಮೂಡುತ್ತಾನೆ, ಉಬ್ಬರದ ನೀರು ಏರುತ್ತದೆ, ಆಸೆ ಚಿಗುರುತ್ತದೆ. ಒಂದೊಂದು ಪದವೂ ಶುದ್ಧ ಕನ್ನಡ. ಕವನ ಮಾತ್ರ ಚೂರುಚೂರು. ಧೂಳಿಗೂ ಚಂದ್ರನಿಗೂ ತನಗೂ ಕ್ರಿಯೆ ಒಂದೇ ಎಂಬುದೇ ಅವಳ ವಾದ. ಕ್ರಿಯಾಪದವನ್ನು ನಾಲ್ಕಾಗಿ ಒಡೆದರೆ ವಾದವೇ ಬಿದ್ದುಹೋಯಿತು. ‘ಉದಯಿಸು’ ಎಂಬ ಸಂಸ್ಕೃತ ಶಬ್ದವನ್ನು ಉದ್ದಕ್ಕೂ ಹಿಡಿದರೆ ಸೂರ್ಯಚಂದ್ರರು ಸಂತೋಷಪಟ್ಟಾರು. ಆದರೆ ಧೂಳು ಉದಯಿಸುವುದಿಲ್ಲ, ಕಾಲಿನ ಕೆಳಗೆ ಬಿದ್ದವನೂ ಉದಯಿಸುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ‘ಏಳು’ವನ್ನೇ ಬಿಗಿಯಾಗಿ ಹಿಡಿಯಬೇಕು. ಬಿದ್ದವನು ಏಳುವುದು, ನಿದ್ದೆಯಿಂದ ಏಳುವುದು, ಧೂಳು ಏಳುವುದು, ಗಾಳಿ ಏಳುವುದು, ಅಲೆ ಏಳುವುದು, ಬಂಡೇಳುವುದು ಇಷ್ಟೂ ಅದರಲ್ಲಿವೆ. ‘ಏಳಿಗೆ’ಯೂ ‘ಏಳುಬೀಳು’ವೂ ಅದರ ಮಕ್ಕಳೇ. ಅರ್ಥಪುಸ್ತಕದಲ್ಲಿ ನಾವು ಯಾವ ಶಬ್ದವನ್ನು ಸಾಲದೆಂದು ದೂರಿದೆವೋ ಅದೇ ಶಬ್ದ ಇಲ್ಲಿ ಸರಿಯಾದುದು. ಅಲ್ಲಿ ಅದು ಬಂದುದು ಆಲಸ್ಯದಿಂದ, ಇಲ್ಲಿ ಬರುವುದು ಆಯ್ಕೆಯಿಂದ.

ಉಳಿದ ತೊಡಕು ಚಂದ್ರನೊಬ್ಬನದು. ಚಂದ್ರ ಎದ್ದನೆಂದು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಮಕ್ಕಳನ್ನು ಎಬ್ಬಿಸುವ ತಾಯಂದಿರ ಮಾತಿನಲ್ಲಿ ಸೂರ್ಯನು ಆಗಲೇ ಎದ್ದಿರುತ್ತಾನೆ. ಉತ್ಥಾನ ದ್ವಾದಶಿಯಂದು ದೇವರನ್ನೇ ಎಬ್ಬಿಸುವ ಜನ ನಾವು. ಆದುದರಿಂದ ಈ ಒಂದು ಸಾಲಿನಲ್ಲಿ ಚಂದ್ರನನ್ನೂ ಏಳಿಸಿದರೆ ಕಿವಿಗೆ ಮೊದಲು ಹೊಸದೆನಿಸಿದರೂ ಅನಂತರ ಹೊಂದಿಕೊಂಡೀತು. ಮೇಲಿನ ತರಗತಿಯ ವಿದ್ಯಾರ್ಥಿಗಳು ಕವನವನ್ನು ಮೂಲದಲ್ಲಿ ಓದಿ, ಆ ಸಾಲನ್ನು ‘ಮೂಡು’ವಿನಿಂದ ಒಮ್ಮೆ, ‘ಏಳು’ವಿನಿಂದ ಒಮ್ಮೆ ಕನ್ನಡಿಸಿ ಈ ಪತ್ರಿಕೆಗೆ ಕಳುಹಿಸಿದರೆ ನಾವು ಎರಡನ್ನೂ ಆಸಕ್ತಿಯಿಂದ ಓದುವೆವು.