ಹುಸರ್ಲನ ದರ್ಶನದಲ್ಲಿ ತತ್ತ್ವವೂ ಆಚರಣೆಯೂ

ವಸ್ತುವು ಅನುಭವಕ್ಕೆ ತೋರುವ ಬಗೆಯನ್ನೇ ವಿಚಾರಿಸುವ ಫಿನಾಮಿನಾಲಜಿಯ ಪ್ರವರ್ತಕನು ಎಡ್ಮಂಡ್ ಹುಸರ್ಲ್ (1859–1938). 1935ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಅವನು ಮಾಡಿದ ಉಪನ್ಯಾಸವು ನಮ್ಮ ವಿಮರ್ಶೆಗೆ ಅರ್ಹವಾದುದು. ಶುದ್ಧ ಜಿಜ್ಞಾಸೆಯು ಗ್ರೀಕರಲ್ಲಿ ಮಾತ್ರ ಹುಟ್ಟಿತು. ಭಾರತ, ಚೀನಗಳ ಚಿಂತನೆಯು ಪುರಾಣ ಮತಗಳಿಗೆ ಅಂಟಿಕೊಂಡು ಜೀವನಪ್ರಯೋಜನವನ್ನೇ ನೋಡಿತು ಎಂಬುದು ಅವನ ವಾದ. ಆದರೆ 1925ರಲ್ಲಿ, ನಾಯ್ಮನ್ನನು ಜರ್ಮನ್ ಭಾಷೆಗೆ ತಂದ ಬುದ್ಧೋಪದೇಶಗಳನ್ನು ಯೂರೋಪಿನ ಅತ್ಯುನ್ನತ ದರ್ಶನಗಳಿಗೆ ಸಮವೆಂದು ಕೊಂಡಾಡಿದವನೂ ಅವನೇ.

ಈ ವಿರೋಧಕ್ಕೆ ಕಾಲವು ಒಂದಿಷ್ಟು ಕಾರಣವಿರಬಹುದು. 1933ರಲ್ಲಿ ನಾಟ್ಸಿ ಆಡಳಿತವು ಯೆಹೂದಿ ಮೂಲದ ಹುಸರ್ಲನನ್ನು ವಿಶ್ವವಿದ್ಯಾನಿಲಯದಿಂದ ದೂರವಿರಿಸಿತ್ತು. ವಿವೇಕವೇ ಕುಸಿಯುತ್ತಿದ್ದ ಯೂರೋಪಿಗೆ ಅದರ ಗ್ರೀಕ್ ಮೂಲವನ್ನು ನೆನಪಿಸಿ, ತತ್ತ್ವವು ಮಾನವಕುಲದ ಬಾಳನ್ನು ತಿದ್ದಬೇಕೆಂದು ಅವನು ಬಯಸಿದನು. ಉದ್ದೇಶವು ಉದಾತ್ತವಾದುದೇ. ಆದರೆ ಅದರಿಂದ ವಾದವು ಸಿದ್ಧವಾಗದು.

ಆ ಉಪನ್ಯಾಸಕ್ಕೆ ಮೂರು ವರ್ಷ ಮೊದಲೇ, 1932ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ್ದರು. ಸತ್ಯವನ್ನು ಕಂಡುಕೊಂಡಲ್ಲಿಗೆ ನಿಲ್ಲದೆ ಅದನ್ನು ಅನುಭವಕ್ಕೆ ತಂದುಕೊಳ್ಳುವುದೇ ನಮ್ಮ ದರ್ಶನಗಳ ಗುರಿಯೆಂದು ಅವರೂ ಒಪ್ಪುತ್ತಾರೆ. ಆದರೆ ಶ್ರವಣಕ್ಕೂ ನಿದಿಧ್ಯಾಸನಕ್ಕೂ ನಡುವೆ ಮನನವುಂಟು. ಕೇಳಿದುದನ್ನು ಸಂದೇಹಗಳಿಗೆ ಒಡ್ಡಿ ಯುಕ್ತಿಯಿಂದ ನಿಶ್ಚಯಿಸಿಕೊಳ್ಳುವುದೇ ಮನನ. ಇಲ್ಲಿ ಪ್ರಯೋಜನದೃಷ್ಟಿಯು ಜಿಜ್ಞಾಸೆಯನ್ನು ಅಳಿಸುವುದಿಲ್ಲ; ಅದನ್ನು ಅವಶ್ಯಕವಾಗಿಸುತ್ತದೆ.

ಹುಸರ್ಲನ ಪದ್ಧತಿಯೂ ಇದಕ್ಕೆ ದೂರವಲ್ಲ. ಜಗತ್ತು ಹೊರಗೆ ಇದೆಯೆಂಬ ಸಹಜ ನಂಬಿಕೆಯನ್ನು ತಡೆಹಿಡಿದು ನೋಡುವುದು ಅದರ ಮೊದಲ ಹೆಜ್ಜೆ. ತನ್ನ ಕೊನೆಯ ಗ್ರಂಥದಲ್ಲಿ ಇದನ್ನು ಅವನು ಮತಪರಿವರ್ತನೆಗೆ ಹೋಲಿಸುತ್ತಾನೆ. ನೋಡುವವನನ್ನೇ ಮಾರ್ಪಡಿಸುವ ಇಂಥ ಅಭ್ಯಾಸವನ್ನು ಬರಿಯ ತತ್ತ್ವವೆನ್ನುವುದು ಹೇಗೆ? ಗ್ರೀಕರಿಗೆ ಮೀಸಲೆಂದ ಗೆರೆಯನ್ನು ಅವನ ಪದ್ಧತಿಯೇ ದಾಟುತ್ತದೆ.

ಹಾಗೆಂದು ನಾವು ಹಿಗ್ಗುವಂತಿಲ್ಲ. ನಮ್ಮದು ಅನುಭವಪ್ರಧಾನವಾದ ದರ್ಶನವೆಂದು ವೇದಿಕೆಗಳಲ್ಲಿ ಸಾರುವವರು ಮನನವನ್ನು ಕೈಬಿಡುವುದುಂಟು. ಪರೀಕ್ಷೆಗಾಗಿ ದರ್ಶನಗಳನ್ನು ಓದುವವರು ನಿದಿಧ್ಯಾಸನವನ್ನು ಎಣಿಸುವುದೇ ಇಲ್ಲ. ಮೊದಲನೆಯವರು ಹುಸರ್ಲನ ಆಕ್ಷೇಪವನ್ನು ನಿಜಮಾಡುತ್ತಾರೆ. ಎರಡನೆಯವರು ಅವನ ಆಶಯವನ್ನೂ ಹಿರಿಯಣ್ಣನವರ ಆಶಯವನ್ನೂ ಒಟ್ಟಿಗೆ ಹುಸಿಗೊಳಿಸುತ್ತಾರೆ. ಕಾಲೇಜುಗಳಲ್ಲಿ ಈ ಇಬ್ಬರು ಆಚಾರ್ಯರನ್ನು ಜೊತೆಯಲ್ಲಿಟ್ಟು ಓದಿಸುವುದು ಎರಡು ದೋಷಗಳಿಗೂ ತಕ್ಕ ಪರಿಹಾರವಾದೀತು.